ಕಣದ ಕಾಲದಲ್ಲಿ ಮಳೆ ಪದ್ಯ

ಗಾವಡಗೆರೆ ಪಕ್ಕದ ಹಳ್ಳಿಯ ಪ್ರೈಮರಿ ಶಾಲೆಯಲ್ಲಿ ನೀಲಾಂಬಿಕೆ ಟೀಚರಾಗಿದ್ದಳು. ಅರವತ್ತೊಂಬತ್ತನೇ ಇಸವಿಯ ಆ ಚಳಿಗಾಲದಲ್ಲಿ ಅವಳಿಗೆ ಬೇಕಿದ್ದದ್ದು ಒಂದೇ: ತಾಯಿ ಇದ್ದ ಹುಣಸೂರಿಗೆ ವರ್ಗ. ಅದಕ್ಕೆ ಶಾಲಾ ಇನ್‌ಸ್ಪೆಕ್ಟರ್ ಶಿವನಂಜಪ್ಪನವರ ಒಂದು ಮಾತು ಸಾಕಿತ್ತು. ಅವರಿಗೋ ಮಕ್ಕಳ ಪದ್ಯವೆಂದರೆ ಪ್ರಾಣ. ಹಾಗಾಗಿ ಅವರು ತಪಾಸಣೆಗೆ ಬಂದಾಗ ಮಕ್ಕಳಿಂದ ಹಾಡಿಸಲೆಂದು ತಾನೇ ಕೂತು ಒಂದು ಪದ್ಯ ಕಟ್ಟಿದಳು.

ಮುಗಿಲಿನ ಮರಿಯೇ, ಇಳಿದು ಬಾ,
ಕಪ್ಪೆಯ ಕುಣಿತಕೆ ಕೆಸರನು ತಾ!

ಮಕ್ಕಳು ಅದನ್ನು ಊರೆಲ್ಲ ಹಾಡಿಕೊಂಡು ತಿರುಗಿದವು. ಮಾರನೆಯ ಬೆಳಿಗ್ಗೆ ಪಕ್ಕದ ಹೊಲದ ಸಾಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಶಾಲೆ ಬಾಗಿಲಿಗೆ ಬಂದಳು.

"ಏನ್ ಟೀಚರಮ್ಮ, ನಮ್ ರಾಗಿ ಕಣದಲ್ಲಿ ಬಿದ್ದದೆ. ನೀವು ಐಕ್ಳ ಕೈಲಿ ಮಳೆ ಕರೆಸ್ತಿದ್ದೀರಾ?"

"ಅದು ಬರೀ ಪದ್ಯ ಸಾಕಮ್ಮ!"

"ಓದ್ ವರ್ಸ ಬ್ಯಾಸ್ಗೇಲಿ ಮಳೆ ಬರ್ಲಿ ಅಂತ ಮಣ್ಣಿನ ಮಳೆರಾಯನ್ನ ಅಲಗೆ ಮ್ಯಾಲೆ ಒತ್ಕೊಂಡು ಮನೆಮನೆಗೂ ಆಡ್ಕೊಂಡು ಓದ್ವಲ್ಲ, ಅವೂ ಇವೇ ಐಕ್ಳು. ಆಗ ಮಳೆ ಉಯ್ನಿಲ್ವಾ? ಐಕ್ಳು ಕರುದ್ರೆ ಬತ್ತದೆ ಕಣ್ರೀ!"

ನೀಲಾಂಬಿಕೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಹಾಳು ಮೋಡವೂ ಅವತ್ತೇ ಕಟ್ಟಬೇಕೇ? ಇನ್‌ಸ್ಪೆಕ್ಟರು ನಾಳೆಯೇ ಬರುವವರು. ಬೇರೆ ಪದ್ಯ ಕಲಿಸಲು ಹೊತ್ತೆಲ್ಲಿ? ವಾದಿಸಿ ವಾದಿಸಿ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಇವತ್ತಿನ ಅಭ್ಯಾಸಕ್ಕೆ ಮಕ್ಕಳು ತುಟಿ ಆಡಿಸಬಹುದು, ಕೈ ಕುಣಿಸಬಹುದು, ದನಿ ಮಾತ್ರ ಹೊರಡಕೂಡದು. ನಾಳೆ ಇನ್‌ಸ್ಪೆಕ್ಟರ ಮುಂದೆ ಒಂದೇ ಸಲ ಹಾಡಬೇಕು.

"ಅದೂ ಮೆತ್ತಗೆ," ಎಂದಳು ಸಾಕಮ್ಮ.

ಮರುದಿನ ಮೋಡ ಇನ್ನೂ ಕಪ್ಪಾಗಿತ್ತು. ಶಿವನಂಜಪ್ಪನವರು ಕುರ್ಚಿಯಲ್ಲಿ ಕೂತರು, ಮಕ್ಕಳು ಸಾಲಾಗಿ ನಿಂತವು. ಕಿಟಕಿಯಾಚೆ ಸಾಕಮ್ಮ ಮುಗಿಲನ್ನೊಮ್ಮೆ ನೋಡಿ, ಕೊಟ್ಟ ಮಾತು ಮರೆತು, ಬಾಯಿ ಮೇಲೆ ಬೆರಳಿಟ್ಟಳು. ಅಷ್ಟೇ. ತುಟಿಗಳು ಆಡಿದವು, ಕೈಗಳು ಮುಗಿಲನ್ನು ಕರೆದವು, ಕಪ್ಪೆಗಳು ಕುಪ್ಪಳಿಸಿದವು. ದನಿಯೇ ಇಲ್ಲ.

"ಏನಮ್ಮ, ನನ್ನ ಕಿವಿಗೇನಾದರೂ ಆಗಿದೆಯೇ?" ಎಂದರು ಇನ್‌ಸ್ಪೆಕ್ಟರು.

"ಕಣದಲ್ಲಿ ರಾಗಿ ಅದೆ ಸಾ," ಎಂದಳು ಮುಂದೆ ನಿಂತ ಪುಟ್ಟ ಹುಡುಗಿ.

ಅವರು ಎದ್ದು ಹೋಗಿ ಆಕಾಶ ನೋಡಿದರು. "ಅಯ್ಯೋ, ಬ್ಯಾಡ ಬುಡಿ ಬುಡಿ! ನಮ್ಮೂರಲ್ಲೂ ಒಕ್ಕಣೆ ಮುಗಿದಿಲ್ಲ."

ಹೊರಡುವಾಗ ನಗುತ್ತ ಹೇಳಿದರು: "ಪದ್ಯ ಚೆನ್ನಾಗಿರೋ ಹಾಗಿದೆ. ಮುಂಗಾರಿಗೆ ಬಂದು ಕೇಳ್ತೀನಮ್ಮ. ಅಲ್ಲೀವರೆಗೆ ನಿಮ್ಮನ್ನ ಇಲ್ಲಿಂದ ಕದಲಿಸಲ್ಲ."

ಸಂಜೆಯ ಹೊತ್ತಿಗೆ ಮೋಡ ಚೆದುರಿತು, ಹನಿಯೂ ಬೀಳಲಿಲ್ಲ. ಸಾಕಮ್ಮ ಒಂದು ಮೊರ ಹೊಸ ರಾಗಿ ತಂದುಕೊಟ್ಟಳು. ನೀಲಾಂಬಿಕೆ ಅದನ್ನು ಡಬ್ಬಿಗೆ ಸುರಿದುಕೊಂಡು ಮೊರ ಹಿಂದಿರುಗಿಸಿದಳು.

ಯುಗಾದಿ ಕಳೆದು ಬಿಸಿಲೇರಿದಾಗ ಸಾಕಮ್ಮ ಮತ್ತೆ ಬಾಗಿಲಲ್ಲಿ ನಿಂತಿದ್ದಳು.

"ಟೀಚರಮ್ಮ, ಕೆರೆ ಒಣಗ್ತಾ ಅದೆ. ಆ ಕಪ್ಪೆ ಪದ್ಯ ಯಾಕ್ ನಿಲ್ಲಿಸ್ಬುಟ್ರಿ?"