ಬಾರದ ಮಕ್ಕಳ ತೂಕ

ಆ ಸಭೆ ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ. ಆಗ ನಾನು ಚಿಕ್ಕೋಡಿ ಕಡೆಯ ಒಂದು ಕಚೇರಿಯಲ್ಲಿ ಅಂಗನವಾಡಿ ಮಕ್ಕಳ ತೂಕವನ್ನು ಕಂಪ್ಯೂಟರಿಗೆ ಏರಿಸುವ ಕೆಲಸದಲ್ಲಿದ್ದೆ. ತೂಗುವ ದಿನ ಮಗು ಬಂದಿರದಿದ್ದರೆ ಹಾಳೆಯಲ್ಲಿ ಅದರ ಹೆಸರಿನ ಮುಂದಿನ ಮನೆಯನ್ನು ಖಾಲಿ ಬಿಡುತ್ತಿದ್ದೆ. ಹೊಸದಾಗಿ ಬಂದ ಸಾಹೇಬರಿಗೆ ಅದು ಸರಿಬರಲಿಲ್ಲ.

“ಖಾಲಿ ಬಿಟ್ರ ಕೆಲಸ ಅರ್ಧಾ ಮಾಡಿದಂಗ ಕಾಣತೈತಿ. ಸೊನ್ನೆ ಹಾಕ್ರಿ.”

ಹಾಕಿದೆ. ಏನಾದೀತು ಎಂದು ಯೋಚಿಸಲೂ ಇಲ್ಲ.

ಅಂಕಲಿಯ ಆಚೆ, ಹೊಳೆದಂಡೆಯ ಹಳ್ಳಿಯೊಂದರಲ್ಲಿ ಒಬ್ಬ ಅಕ್ಕೋರಿದ್ದರು. ತಲೆ ನರೆಯುವವರೆಗೂ ಆ ಊರಿನ ಅಂಗನವಾಡಿಯಲ್ಲೇ ಮಕ್ಕಳಿಗೆ ಕಲಿಸುತ್ತ ದುಡಿದವರು. ಮುಂದಿನ ಸಭೆಯಲ್ಲಿ ಸಾಹೇಬರು ಎಲ್ಲರೆದುರು ಅವರನ್ನು ಎಬ್ಬಿಸಿ ನಿಲ್ಲಿಸಿದರು.

“ನಿಮ್ಮ ಮಕ್ಕಳ ಸರಾಸರಿ ತೂಕ ಒಂಬತ್ತು ಕಿಲೋಕ್ಕ ಇಳದೈತಿ. ಅಕ್ಕಿ, ಬ್ಯಾಳಿ ಯಾರ ಮನಿಗೆ ಹೊಂಟಾವ್ರಿ?”

“ಸಾಹೇಬ್ರ, ನಾನ ತೂಗೇನ್ರಿ. ನನ್ನ ಮಕ್ಕಳು ಹಂಗಿಲ್ರಿ.”

“ಕಂಪ್ಯೂಟರ್ ಸುಳ್ಳ ಹೇಳತೈತೇನು?”

ಕೈಗೆ ನೋಟಿಸು ಕೊಟ್ಟರು. ಅಕ್ಕೋರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತರು. ನಾನು ಮೂಲೆಯಲ್ಲಿ ಕುಳಿತು ನೋಡುತ್ತಿದ್ದೆ.

ಸಭೆ ಮುಗಿದ ಮೇಲೆ ಆ ಊರಿನ ಹಾಳೆ ತೆರೆದೆ. ಇಪ್ಪತ್ತು ಮಕ್ಕಳಲ್ಲಿ ಐವರು ತೂಗುವ ದಿನ ನಿಪ್ಪಾಣಿಗೆ ಮದುವೆಗೆ ಹೋಗಿದ್ದರೆಂದು ಅಕ್ಕೋರು ಬರೆದಿದ್ದರು. ಉಳಿದ ಹದಿನೈದು ಮಕ್ಕಳ ಸರಾಸರಿ ಹನ್ನೆರಡು ಕಿಲೋ. ಸರಾಸರಿಯ ಸೂತ್ರ ಖಾಲಿ ಮನೆಯನ್ನು ಬಿಟ್ಟು ಎಣಿಸುತ್ತದೆ. ಸೊನ್ನೆ ಇದ್ದರೆ ಅದನ್ನೂ ಒಂದು ತೂಕವೆಂದೇ ಹಿಡಿಯುತ್ತದೆ. ಬಾರದ ಐವರನ್ನು ನಾನು ತೂಕವೇ ಇಲ್ಲದ ಮಕ್ಕಳನ್ನಾಗಿ ಮಾಡಿದ್ದೆ. ಸೊನ್ನೆ ಅಳಿಸಿದೆ. ಒಂಬತ್ತು ಇದ್ದದ್ದು ಹನ್ನೆರಡಾಯಿತು.

ಸೊನ್ನೆ ಇದ್ದ ಹಾಳೆ, ಅಳಿಸಿದ ಹಾಳೆ ಎರಡನ್ನೂ ಹಿಡಿದು ಸಾಹೇಬರ ಮುಂದೆ ನಿಂತೆ.

“ಮುಂದಿನ ತಿಂಗಳದಿಂದ ಸರಿ ಮಾಡ್ರಿ,” ಎಂದರು, ತಲೆಯೆತ್ತದೆ.

“ನೋಟಿಸು, ಸರ್?”

“ಆಕಿ ಉತ್ತರ ಬರೀಲಿ. ನಿಮಗ್ಯಾಕ ಬೇಕು?”

ನನಗೇ ಬೇಕಿತ್ತು. ಮರುದಿನ ರಜೆ ಹಾಕಿ ಅಕ್ಕೋರ ಊರಿನ ಬಸ್ಸು ಹತ್ತಿದೆ. ಇಬ್ಬರೂ ಕೂತು ಉತ್ತರ ಬರೆದೆವು. ಯಾರ ಮಾತಿನಂತೆ ಸೊನ್ನೆ ಹಾಕಿದೆನೆಂದು ಕೆಳಗೆ ನಾನೂ ಬರೆದು ಸಹಿ ಮಾಡಿದೆ. ಪತ್ರದ ಪ್ರತಿ ಮೇಲಿನ ಕಚೇರಿಗೂ ಹೋಯಿತು.

ನೋಟಿಸು ಹಿಂದಕ್ಕೆ ಪಡೆದರು, ಒಂದೇ ಸಾಲಿನ ಕಾಗದದಲ್ಲಿ. ತಪ್ಪಾಯಿತು ಎಂಬ ಮಾತಿರಲಿಲ್ಲ. ಮುಂದಿನ ಸಭೆಯಲ್ಲೂ ಸಾಹೇಬರು ಚಕಾರ ಎತ್ತಲಿಲ್ಲ. ನಾನೇ ಎದ್ದು ನಿಂತು, ಆದದ್ದನ್ನೆಲ್ಲ ಅಷ್ಟೂ ಹೆಂಗಸರಿಗೆ ಹೇಳಿದೆ. ಸಾಹೇಬರು ಮೊಬೈಲು ನೋಡುತ್ತಿದ್ದರು.

ಹೊರಗೆ ಬಂದಾಗ ಅಕ್ಕೋರು ಅಂದರು: “ಬರದ ಮಕ್ಕಳು ಎಲ್ಲಿ ಹೋಗ್ಯಾರ ಅಂತ ಸಾಹೇಬ್ರು ಒಂದ ಮಾತು ಕೇಳಿದ್ರ ಸಾಕಿತ್ತಲ್ಲ, ತಂಗಿ.”