ಗಾಜಿನ ಬೀರುವಿನಲ್ಲಿ ಕೂತ ಬೀಜ

ಅರವತ್ತರ ದಶಕದಲ್ಲಿ ನಾನು ಭತ್ತದ ಸಂಶೋಧನೆಯಲ್ಲಿ ಸಹಾಯಕನಾಗಿದ್ದೆ ಎಂದರೆ ಜನ ಈಗಲೂ ಗೌರವದಿಂದ ನೋಡುತ್ತಾರೆ. ನನಗೆ ಮಾತ್ರ ಮೈ ಉರಿಯುತ್ತದೆ. ವಿಶ್ವವಿದ್ಯಾನಿಲಯವೊಂದು ಕುಂದಾಪುರದಲ್ಲಿ ಬಾಡಿಗೆ ಮನೆ ಹಿಡಿದು ಹಳೆಯ ಭತ್ತದ ತಳಿಗಳನ್ನು ಕೂಡಿಹಾಕುತ್ತಿತ್ತು. ಬಿ.ಎಸ್ಸಿ. ಮುಗಿಸಿದ ನಾನು ಬಸ್ರೂರಿನಿಂದ ಬಂದು, ಚೀಲ ಹೆಗಲಿಗೇರಿಸಿ ಹಳ್ಳಿ ಸುತ್ತಬೇಕು. ಒಮ್ಮೆಯೂ ಗದ್ದೆಗೆ ಕಾಲಿಡದ ಮುಖ್ಯಸ್ಥರು ಫ್ಯಾನಿನಡಿ ಕೂತು ಸೀಸೆಗಳಿಗೆ ನಂಬರು ಹಾಕಬೇಕು. ಇದಕ್ಕೆ ಸಂಶೋಧನೆ ಎಂದು ಹೆಸರು!

ಕೆರಾಡಿಯಲ್ಲಿ ಒಬ್ಬ ವಿಧವೆ ಬೇಸಾಯ ಮಾಡುತ್ತಿದ್ದರು. ನೀರು ನಿಂತರೂ ಕೊಳೆಯದ ಒಂದು ಭತ್ತ ಅವರ ಮನೆಯಲ್ಲಿ ಮಾತ್ರ ಉಳಿದಿತ್ತು. ಬಿತ್ತಿದ್ದು ಕೆಟ್ಟರೆ ಮತ್ತೆ ಬಿತ್ತಲೆಂದು ಹುಲ್ಲಿನ ಮುಡಿ ಕಟ್ಟಿ ತೆಗೆದಿಟ್ಟಿದ್ದ ಬೀಜವನ್ನೇ ನನಗೆ ಕೊಟ್ಟರು. ಅಲ್ಲಿನವರಿಗೆ ಬೀಜ ಕೊಡುವುದೆಂದರೆ ನೆರೆಮನೆಯಲ್ಲಿ ಇಟ್ಟಂತೆ. ತಮ್ಮದು ಹಾಳಾದರೆ ಕೊಟ್ಟ ಮನೆಯಿಂದಲೇ ತಂದು ಬಿತ್ತುತ್ತಾರೆ.

"ನಮ್ದ್ ಹಾಳಾರೆ ನಿಮ್ಮಲ್ಲಿಗ್ ಬತ್ತೆ. ಆಗ ಕೊಡ್ಕ್ ಮಾರಾಯ್ರೆ" ಎಂದರು.

"ಖಂಡಿತ ಕೊಡ್ತೆ ಅಕ್ಕ" ಎಂದೆ. ಪಾಪ, ವಿಶ್ವವಿದ್ಯಾನಿಲಯವನ್ನೂ ಅವರು ಒಂದು ನೆರೆಮನೆ ಎಂದುಕೊಂಡಿದ್ದರು.

ಮಳೆ ಹಿಡಿದ ಮೇಲೆ ಅವರು ಒದ್ದೆಯಾಗಿ ಕುಂದಾಪುರಕ್ಕೆ ಬಂದರು. ಸಸಿಮಡಿಗೆ ಕಾಡುಹಂದಿ ನುಗ್ಗಿತ್ತು.

"ಅಗಿ ಪೂರಾ ಹಂದಿ ಹಾಳ್ ಮಾಡ್ತ್. ನಾ ಕೊಟ್ ಬೀಜ ಕೊಡಿ, ಹೊತ್ತ್ ಹೋತ್ತ್."

ಬೀಜ ಮುಖ್ಯಸ್ಥರ ಬೆನ್ನ ಹಿಂದೆಯೇ ಇತ್ತು, ಬಂದವರಿಗೆ ತೋರಿಸಲೆಂದು ಗಾಜಿನ ಬೀರುವಿನಲ್ಲಿ, ನಾಲ್ಕು ಸೀಸೆ ತುಂಬ.

"ಕೊಟ್ಟ ಮೇಲೆ ಅದು ವಿಶ್ವವಿದ್ಯಾನಿಲಯದ ಸೊತ್ತು. ಅರ್ಜಿ ಬರೆಸಿ" ಎಂದರು ಮುಖ್ಯಸ್ಥರು.

"ಸಾರ್, ನಾನು ಮಾತು ಕೊಟ್ಟಿದ್ದೆ."

"ಮಾತು ಕೊಡಲಿಕ್ಕೆ ನೀವು ಯಾರ್ರೀ? ನಿಮ್ಮ ಕೆಲಸವೇ ಇನ್ನೂ ಖಾಯಂ ಆಗಿಲ್ಲ."

ನಾನೇ ಅರ್ಜಿ ಬರೆದೆ, ಅಕ್ಕ ಹೆಬ್ಬೆಟ್ಟು ಒತ್ತಿದರು. ಊರೆಲ್ಲ ನಾಟಿ ಮುಗಿದ ಮೇಲೆ ಇಂಗ್ಲಿಷಿನಲ್ಲಿ ಉತ್ತರ ಹೋಯಿತು: ಬೀಜದ ನಂಬರು ತಿಳಿಸಬೇಕು ಎಂದು. ನಂಬರು ನನಗೆ ಬಾಯಿಪಾಠವಿತ್ತು. ಆ ಕಾಗದವನ್ನು ಟೈಪು ಮಾಡಿದವನೂ ನಾನೇ. ನಾಚಿಕೆಗೇಡು!

ಮರುವರ್ಷ ಆ ಬೀಜವನ್ನು ಮೊಳಕೆಗಿಟ್ಟೆವು. ಒಂದು ಕಾಳೂ ಮೊಳೆಯಲಿಲ್ಲ. ನಮ್ಮ ಕಡೆಯ ತೇವದ ಹವೆಯಲ್ಲಿ ಬೀಜ ಮುಡಿಯಲ್ಲಿ ಬದುಕುತ್ತದೆ, ಸೀಸೆಯಲ್ಲಿ ಬೆವರಿ ಸಾಯುತ್ತದೆ. ಕೆರಾಡಿಯ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು, ಕೇಳುವ ಪುರುಸೊತ್ತು ನಮಗೆಲ್ಲಿತ್ತು? ಮುಖ್ಯಸ್ಥರು ನಂಬರಿನ ಮುಂದೆ 'ನಷ್ಟ' ಎಂದು ಬರೆದು ಊಟಕ್ಕೆ ಎದ್ದರು.

ಆಮೇಲೆ ಬೇರೆ ಕೆಲಸಕ್ಕೆ ಕೆರಾಡಿಗೆ ಹೋದಾಗ ಆ ಅಕ್ಕ ನನ್ನನ್ನು ಕರೆದು ಕೂರಿಸಿ ಬೆಲ್ಲ, ನೀರು ಕೊಟ್ಟರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ.

"ನಮ್ ಬೀಜ ಹುಷಾರಿತ್ತಾ?" ಎಂದು ಕೇಳಿದರು.

"ಇತ್ತ್" ಎಂದೆ, ಈಗಲೂ ಇದೆ ಎಂಬಂತೆ.

"ಹಾಂಗಾರೆ ಬಪ್ಪ ವರ್ಷಕ್ಕೆ ಗದ್ದಿ ಹಸನ್ ಮಾಡಿ ಇಡ್ತೆ" ಎಂದು ಅವರು ಲೋಟ ತೆಗೆದುಕೊಂಡು ಒಳಗೆ ಹೋದರು.