ಬಾಗಿಲು ಹಾಕಿ ಆರಿಸಿದ ಪದ

ಆಕೆಯನ್ನು ಕಾರ್ಖಾನೆಯಲ್ಲಿ ಎಲ್ಲರೂ ಗಿಳಿಯಮ್ಮ ಎನ್ನುತ್ತಿದ್ದರು. ಎದುರಿಗೇ ಅನ್ನುತ್ತಿದ್ದರು, ಆಕೆಗೆ ಬೇಸರವೂ ಇರಲಿಲ್ಲ. ಪ್ಲಾಸ್ಟಿಕ್ ಮುಚ್ಚಳ ಮಾಡುವ ಆ ಕಾರ್ಖಾನೆಯ ಯಜಮಾನರು ಜಪಾನಿನವರು, ವರ್ಷಕ್ಕೊಮ್ಮೆ ಬರುತ್ತಿದ್ದರು. ಅವರ ಮಾತನ್ನು ಇವರಿಗೆ, ಇವರದನ್ನು ಅವರಿಗೆ ದಾಟಿಸುವುದು ಆಕೆಯ ಕೆಲಸ. ಬೈದರೆ ಬೈಗುಳವನ್ನೇ, ಗೊಣಗಿದರೆ ಗೊಣಗಾಟವನ್ನೇ ದಾಟಿಸುತ್ತಿದ್ದಳು. ಕೋಣೆಯಲ್ಲಿ ಯಾರು ಏನೇ ಆಡಿದರೂ ಅಲ್ಲಿದ್ದವರಿಗೆಲ್ಲ ತಿಳಿಯಬೇಕು, ತಾನು ಒಂದು ಕಲ್ಲು ಉಪ್ಪನ್ನೂ ಸೇರಿಸಬಾರದು. ಇದು ಆಕೆ ಹಾಕಿಕೊಂಡಿದ್ದ ಗೆರೆ.

ಮನೆಯಲ್ಲಿ ಈ ವಿದ್ಯೆಗೆ ಕವಡೆ ಕಿಮ್ಮತ್ತಿರಲಿಲ್ಲ. ಜಪಾನಿ ಪದವೊಂದರ ರುಚಿ ಹೇಳಹೊರಟರೆ ಗಂಡ ಆಕಳಿಸುತ್ತಿದ್ದ, ಮಗಳು ಎದ್ದೇ ಹೋಗುತ್ತಿದ್ದಳು. ಹಾಗಾಗಿ, ಯಜಮಾನರು ಬಂದಿದ್ದ ವಾರ ಮ್ಯಾನೇಜರು ಕರೆದು, ಬಾಗಿಲು ಹಾಕಿ, ಕುರ್ಚಿ ಕೊಟ್ಟು, ಒಳಸಂಚಿಗೆ ಅವರ ಭಾಷೆಯಲ್ಲಿ ಏನೆನ್ನುತ್ತಾರೆಂದು ಕೇಳಿದಾಗ ಆಕೆ ಉಬ್ಬಿಹೋದಳು.

ಒಂದೇ ಪದವಿದ್ದರಲ್ಲವೇ ಎಂದು ಶುರುಮಾಡಿದಳು. ತಕುರಮಿ ಎಂದರೆ ಮನಸ್ಸಿನಲ್ಲೇ ಹೂಡುವ ಹೂಟ, ಒಬ್ಬನೇ ಹೂಡಬಹುದು. ಸಕುರ್ಯಕು ಎಂದರೆ ತಂತ್ರ. ಅದರಲ್ಲಿ ಬುದ್ಧಿವಂತಿಕೆಯ ವಾಸನೆಯಿದೆ, ಕೇಳಿದವರು ಮೆಚ್ಚಿಬಿಟ್ಟಾರು. ಇಂಬೋ ಮಾತ್ರ ಕಪ್ಪು. ಹತ್ತಾರು ಜನ ಗುಟ್ಟಾಗಿ ಸೇರಿ ಒಬ್ಬರನ್ನು ಬುಡಸಮೇತ ಕೀಳಲು ಹೊರಟಾಗ ಬಳಸುವಂಥದ್ದು. ಮ್ಯಾನೇಜರು ಅದನ್ನು ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿದರು.

"ಇದೇ ಇರಲಿ. ನಾಳೆ ನಾನು ಮೆತ್ತಗೆ ಹೇಳ್ತೀನಿ, ನೀವು ಇದನ್ನ ಹಾಕಿಬಿಡಿ."

ಯಾರ ವಿಷಯ ಎಂದು ಆಕೆ ಕೇಳಿದ್ದು ಆಮೇಲೆ. ಅಚ್ಚು ವಿಭಾಗದ ಮೇಸ್ತ್ರಿಯದು. ಯಂತ್ರಗಳ ಬಿಸಿ ತಡೆಯಲಾರದೆ, ಫ್ಯಾನು ಹಾಕಿಸಿಕೊಡಿ ಎಂದು ಯಜಮಾನರನ್ನೇ ಕೇಳೋಣವೆಂದು ಅವನು ಕೆಲಸಗಾರರನ್ನು ಸೈಕಲ್ ಸ್ಟ್ಯಾಂಡಿನಲ್ಲಿ ಸೇರಿಸಿದ್ದ. ತಮ್ಮನ್ನು ದಾಟಿ ಯಜಮಾನರ ಬಳಿ ಹೋಗುವವರನ್ನು ಮ್ಯಾನೇಜರು ಉಳಿಸುವ ಪೈಕಿ ಅಲ್ಲ. ನಾಳೆ ಎದುರಿಗೆ ಕೂತ ಮೇಸ್ತ್ರಿ ಕನ್ನಡದ ಮೆತ್ತಗಿನ ಮಾತು ಕೇಳುತ್ತಾನೆ, ಯಜಮಾನರು ಜಪಾನಿಯ ಕಪ್ಪು ಪದ ಕೇಳಿ ಅವನನ್ನು ಮನೆಗೆ ಕಳಿಸುತ್ತಾರೆ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಆಕೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಎದ್ದು ಬಂದಳು.

ಮರುದಿನ ನಾಲ್ವರೂ ಮೇಜಿನ ಸುತ್ತ ಕೂತರು. ಇವರೆಲ್ಲ ಸೇರಿ ಏನೋ ಮಾತಾಡಿಕೊಂಡಿದ್ದಾರೆ ಎಂದು ಮ್ಯಾನೇಜರು ಮೆತ್ತಗೆ ಹೇಳಿದರು. ಆಕೆ ಗೆರೆ ದಾಟಲಿಲ್ಲ. ಸೋದನ್, ಅಂದರೆ ಸಮಾಲೋಚನೆ ಎಂದಷ್ಟೇ ದಾಟಿಸಿದಳು. ಕಾದಿದ್ದ ಪದ ಬಾರದ್ದನ್ನು ಕಂಡು ಮ್ಯಾನೇಜರು ತಾವೇ ಮೇಸ್ತ್ರಿಯ ಕಡೆ ಬೆರಳು ತೋರಿಸಿ "ಇಂಬೋ" ಎಂದರು. ಗುರುವಿಗೆ ತಕ್ಕ ಶಿಷ್ಯ, ಉಚ್ಚಾರದಲ್ಲಿ ಕೊಂಕಿರಲಿಲ್ಲ.

ಯಜಮಾನರ ಮುಖ ಬಿಗಿಯಿತು. ನಮ್ಮ ಭಾಷೆಯಲ್ಲಿ ನಮಸ್ಕಾರ ಹೇಳಲೂ ಬಾರದವನಿಗೆ ಈ ಪದ ಕಲಿಸಿದವರು ಯಾರು ಎಂದು ಆಕೆಯನ್ನೇ ಕೇಳಿದರು. ಇಷ್ಟು ವರ್ಷ ಬೇರೆಯವರ ಮಾತನ್ನೇ ಆಡಿದ ಬಾಯಿ ಈಗ ತನ್ನದೇ ಮಾತು ಆಡಬೇಕಿತ್ತು. ಸುಮ್ಮನಿದ್ದರೆ ಮೇಸ್ತ್ರಿಯ ಅನ್ನ ಹೋಗುತ್ತದೆ, ಹೇಳಿದರೆ ತನ್ನ ಮಾನ. ನಾಚಿಕೆಯಾದರೂ ಜಪಾನಿಯಲ್ಲೇ ಹೇಳಿದಳು: ಬಾಗಿಲು ಹಾಕಿದ್ದು, ಪದ ಆರಿಸಿದ್ದು, ಫ್ಯಾನಿನ ವಿಷಯ, ಎಲ್ಲ. ಯಜಮಾನರು ಫ್ಯಾನು ಹಾಕಿಸೋಣ, ಮೇಸ್ತ್ರಿ ಕೆಲಸಕ್ಕೆ ಹೋಗಲಿ, ಮ್ಯಾನೇಜರ ಹತ್ತಿರ ಮಾತಾಡುವುದಿದೆ, ಅವರು ಇಲ್ಲೇ ಇರಲಿ ಎಂದರು.

ಆಕೆ ಅದನ್ನು ದಾಟಿಸಿದಳು. ಮೇಸ್ತ್ರಿಗೆ ಉಳಿದದ್ದರ ತಲೆಬುಡ ತಿಳಿದಿರಲಿಲ್ಲ.

"ಅಷ್ಟು ಹೊತ್ತು ಏನಕ್ಕಾ ಹೇಳಿದ್ರಿ ಅವರಿಗೆ?" ಎಂದು ನಗುತ್ತಾ ಕೇಳಿದ.

ನಿಮ್ಮ ಪರ ಮಾತಾಡಿದೆ ಎಂದಿದ್ದರೆ ಸುಳ್ಳೂ ಆಗುತ್ತಿರಲಿಲ್ಲ.

"ನಿಮ್ಮನ್ನ ಕೆಲಸದಿಂದ ತೆಗೆಸೋಕೆ ಮ್ಯಾನೇಜರಿಗೊಂದು ಪದ ಬೇಕಾಗಿತ್ತು. ಹುಡುಕಿಕೊಟ್ಟಿದ್ದು ನಾನು. ಯಾರ ಮೇಲೆ ಅಂತ ಕೇಳೋ ಮೊದಲೇ, ಖುಷಿಯಿಂದ ಕೊಟ್ಟೆ."

ಮೇಸ್ತ್ರಿಯ ನಗು ನಿಂತಿತು. ಯಜಮಾನರಿಗೆ ವಂದಿಸಿ, ಆಕೆಯ ಕಡೆ ನೋಡದೆ ಹೊರಗೆ ಹೋದ.